ಕೌಶಲ್ಯದ ಜಾಗದಲ್ಲಿ ಒಂದು ಅಡ್ಡಗೆರೆ

ಹೋದ ವರ್ಷ ದೀಪಾವಳಿಗೆ ಊರಿಗೆ ಹೋಗಿದ್ದಾಗ ಕೆಳಮನೆ ಅಕ್ಕನನ್ನು ಬೈಕಿನಲ್ಲಿ ಕೂರಿಸಿಕೊಂಡು ಪೇಟೆಗೆ ಹೋಗಿದ್ದೆ. ಅವರಿಗೆ ಕಾರ್ಮಿಕರ ಕಾರ್ಡು ಮಾಡಿಸಬೇಕಿತ್ತು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಒಂದೊಂದೇ ಕೇಳುತ್ತಾ ಹೋದ. ಹೆಸರು, ಆಧಾರ್, ಮೊಬೈಲ್ ನಂಬರ್, ಪಾಸ್‌ಬುಕ್. ಓದಿದ್ದೆಷ್ಟು ಅಂದ. 'ನಾಲ್ಕನೇ ಕ್ಲಾಸು' ಅಂದರು ಅಕ್ಕ. ಕೆಲಸ ಏನು ಅಂದ. 'ಕೂಲಿ.' ಆಮೇಲೆ ಅವನು, 'ಸ್ಕಿಲ್ ಏನಾದ್ರೂ ಇದ್ಯಾ ಅಮ್ಮ? ಟೈಲರಿಂಗು, ಡ್ರೈವಿಂಗು, ಆ ಥರದ್ದು?' ಅಂತ ಕೇಳಿದ. ಅಕ್ಕ ನನ್ನ ಮುಖ ನೋಡಿದರು. 'ಎಂತದೂ ಇಲ್ಲ' ಅಂದರು. ಪ್ರಿಂಟ್ ಬಂದಾಗ ನೋಡಿದೆ. ಕೌಶಲ್ಯ ಅಂತ ಬರೆದಿದ್ದ ಕಡೆ, ಅದರ ಮುಂದೆ, ಸಣ್ಣದೊಂದು ಅಡ್ಡಗೆರೆ ಇತ್ತು.

ಹುಡುಗನದ್ದು ತಪ್ಪಿಲ್ಲ. ಅವನು ಸಮಾಧಾನದಿಂದಲೇ ಕೇಳಿದ್ದ, ಅವರು ಹೇಳಿದ್ದನ್ನೇ ಹಾಕಿದ್ದ. ಅಕ್ಕನಿಗೂ ಬೇಜಾರಾಗಿರಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ಕೆಲಸ ಆಯ್ತಲ್ಲ ಅಂತ ಖುಷಿಯಲ್ಲೇ ಇದ್ದರು. ನನಗೆ ಚುಚ್ಚಿದ್ದು ಬೇರೆ. ಅವರು ನನ್ನ ಮುಖ ನೋಡಿದಾಗ ನಾನು ಸುಮ್ಮನಿದ್ದೆ. ಆ ಕೈಗೆ ಏನು ಗೊತ್ತಿದೆ ಅಂತ ಹತ್ತಿರದಿಂದ ನೋಡಿದ್ದ ನಾನು ಬಾಯಿ ಬಿಡಲಿಲ್ಲ. ಆ ಕ್ಷಣಕ್ಕೆ ನನಗೂ ಅದು ಯಾರಾದರೂ ಮಾಡಬಹುದಾದ ಕೆಲಸವೇ ಆಗಿತ್ತು.

ಮೆಟ್ಟುಗತ್ತಿಯ ಮುಂದೆ

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಒಂದು ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಕೂತಿದ್ದೆ. ಆಗಿನ್ನೂ ನಮ್ಮೂರಿಗೆ ಸುಲಿಯುವ ಮೆಷಿನ್ ಬಂದಿರಲಿಲ್ಲ. ಹಗಲು ಮರದಿಂದ ಕೊನೆ, ಅಂದರೆ ಅಡಿಕೆ ಗೊನೆ, ತೆಗೆದು ಅಂಗಳಕ್ಕೆ ತಂದು ಹಾಕಿದರೆ, ರಾತ್ರಿ ಊಟ ಮುಗಿಸಿ ಸುತ್ತಲಿನ ಮನೆಗಳವರು ತಮ್ಮ ತಮ್ಮ ಕತ್ತಿ ಹಿಡಿದು ಬರುತ್ತಿದ್ದರು. ಕೆಂಪಡಿಕೆ ಮಾಡುವವರಿಗೆ ಕಾಯಿಯನ್ನು ಹಸಿರಿರುವಾಗಲೇ ಸುಲಿದು ಬೇಯಿಸಬೇಕು. ಇವತ್ತಿನ ಕೊನೆ ನಾಳಿದ್ದಿಗೆ ಅಂತ ಇಡುವ ಹಾಗಿಲ್ಲ. ಅದಕ್ಕೇ ರಾತ್ರಿ ಹನ್ನೊಂದು, ಹನ್ನೆರಡರವರೆಗೆ ಅಂಗಳದಲ್ಲಿ ಕತ್ತಿಯ ಸದ್ದು. ಮಧ್ಯೆ ಒಂದು ಸಲ ಚಾ. ಯಾರದ್ದೋ ಮನೆಯ ಮದುವೆ ಮಾತು, ಯಾರದ್ದೋ ದನ ಕಳೆದುಹೋದ ಕತೆ.

ಕಾಲೇಜಿನ ಫೀಸಿಗೆ ಸ್ವಲ್ಪ ದುಡ್ಡಾಗುತ್ತದೆ ಅಂತ ನಾನೂ ಹೋದೆ. ಸುಲಿಯುವುದರಲ್ಲಿ ಏನಿದೆ ಅಂತಲೇ ಅಂದುಕೊಂಡಿದ್ದೆ. ಚಿಕ್ಕಂದಿನಿಂದ ನೋಡಿದ ಕೆಲಸ. ಮಣೆಯ ಮೇಲೆ ಕೂತು, ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು, ಕಾಯಿಯನ್ನು ಅಲುಗಿಗೆ ಕೊಟ್ಟು ಮಣಿಕಟ್ಟು ತಿರುಗಿಸಿದರೆ ಸಿಪ್ಪೆ ಬರಬೇಕು. ನನಗೆ ಬರಲಿಲ್ಲ. ಒತ್ತಿದ್ದು ಕಡಿಮೆಯಾದರೆ ಅಲಗು ಸಿಪ್ಪೆಯಲ್ಲೇ ಜಾರಿತು. ಜಾಸ್ತಿಯಾದರೆ ಒಳಗಿನ ಅಡಿಕೆಗೇ ಗಾಯವಾಯಿತು. ಗಾಯವಾದ ಅಡಿಕೆ ಬೇಯಿಸಿ ಒಣಗಿಸಿದ ಮೇಲೂ ಹಾಗೇ ಕಾಣುತ್ತದೆ. ಅಡಿಕೆ ಕೊಳ್ಳುವ ಮಂಡಿಯಲ್ಲಿ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುವುದು. ಮೊದಲ ಅರ್ಧ ಗಂಟೆಯಲ್ಲಿ ಎರಡು ಬೆರಳು ಕುಯ್ದುಕೊಂಡೆ. ಹಸಿ ಅಡಿಕೆಯ ರಸ ಗಾಯಕ್ಕೆ ಇಳಿದರೆ ಆಗುವ ಉರಿ ಅನುಭವಿಸಿದವರಿಗೇ ಗೊತ್ತು.

ಪಕ್ಕದಲ್ಲಿ ಕೆಳಮನೆ ಅಕ್ಕ ಕೂತಿದ್ದರು. ಆಗ ಅವರಿಗೆ ಮೂವತ್ತರ ಹತ್ತಿರ ಇದ್ದಿರಬೇಕು. ಅವರು ಕತ್ತಿಯ ಕಡೆ ನೋಡುತ್ತಲೇ ಇರಲಿಲ್ಲ. ಎದುರಿಗಿದ್ದವರ ಜೊತೆ ಮಾತಾಡುತ್ತಿದ್ದರು, ನಡುವೆ ಮಲಗಿದ್ದ ಮಗುವಿಗೆ ಕಂಬಳಿ ಸರಿಮಾಡುತ್ತಿದ್ದರು. ಕೈ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. ತೊಟ್ಟಿನ ಕಡೆ ಒಂದು ಒತ್ತು, ಒಂದು ತಿರುವು, ಸಿಪ್ಪೆ ಎರಡು ಮೂರು ಹೋಳಾಗಿ ಬಿತ್ತು, ಅಡಿಕೆ ಡಬ್ಬಕ್ಕೆ. ನಾನು ಒಂದು ಮುಗಿಸುವಷ್ಟರಲ್ಲಿ ಅವರದು ಹತ್ತು ಆಗಿರುತ್ತಿತ್ತು. ಇನ್ನೊಂದು ವಿಷಯ ನಾನು ಗಮನಿಸಿದ್ದು ತಡವಾಗಿ. ಅವರು ಎಲ್ಲವನ್ನೂ ಒಂದೇ ಡಬ್ಬಕ್ಕೆ ಹಾಕುತ್ತಿರಲಿಲ್ಲ. ತೀರಾ ಎಳೆಯದು ಒಂದು ಕಡೆ, ಬಲಿತದ್ದು ಇನ್ನೊಂದು ಕಡೆ. ಎಳೆಯದರಿಂದ ಹಸ, ಬಲಿತು ಹಣ್ಣಿಗೆ ತಿರುಗಿದ್ದರಿಂದ ಗೊರಬಲು. ಬೇರೆ ಬೇರೆ ಮಾಲು, ಬೇರೆ ಬೇರೆ ರೇಟು. ಅದನ್ನು ಅವರು ಬಣ್ಣ ನೋಡಿ ಹೇಳುತ್ತಿರಲಿಲ್ಲ. ಅಂಗಳದ ಬಲ್ಬಿನ ಬೆಳಕಿನಲ್ಲಿ ಬಣ್ಣ ಸರಿಯಾಗಿ ಕಾಣುತ್ತಲೂ ಇರಲಿಲ್ಲ. 'ಕತ್ತಿ ಹೇಳ್ತದೆ ಕಣೋ' ಅಂದಿದ್ದರು ಕೇಳಿದಾಗ. ಅಲಗು ಒಳಗೆ ಹೋಗುವಾಗ ಕೈಗೆ ಸಿಗುವ ಗಟ್ಟಿತನದಿಂದಲೇ ಅವರಿಗೆ ತಿಳಿಯುತ್ತಿತ್ತು.

ಕೂಲಿ ಡಬ್ಬದ ಲೆಕ್ಕ. ಮನೆ ಯಜಮಾನರು ಕೊನೆಗೆ ಬಂದು ಒಬ್ಬೊಬ್ಬರ ಡಬ್ಬ ಅಳೆದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆ ರಾತ್ರಿ ಅಕ್ಕನ ಹೆಸರಿನ ಮುಂದೆ ಎರಡು ಡಬ್ಬ ಅಂತ ಬರೆದರು. ನನ್ನ ಹೆಸರಿನ ಮುಂದೆ ಅರ್ಧ. ಇಷ್ಟಾದರೂ ಆಯ್ತಲ್ಲ ಅಂತ ನನಗೆ ಆಶ್ಚರ್ಯವೇ ಆಗಿತ್ತು.

ಕಲಿಯುವಾಗಿನ ಖರ್ಚು ಯಾರದ್ದು

ಇದಾಗಿ ಆರು ವರ್ಷಕ್ಕೆ ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಮೊದಲ ಕೆಲವು ವಾರ ತರಬೇತಿ. ಏಸಿ ಕೋಣೆ, ಪುಸ್ತಕ, ಮಧ್ಯಾಹ್ನ ಊಟ. ಆ ವಾರಗಳಲ್ಲಿ ನಾನು ಬ್ಯಾಂಕಿಗೆ ನಾಲ್ಕಾಣೆಯ ಕೆಲಸವನ್ನೂ ಮಾಡಿಕೊಟ್ಟಿಲ್ಲ. ಸಂಬಳ ಮಾತ್ರ ಪೂರ್ತಿ ಬಂತು. ಕೌಂಟರಿನಲ್ಲಿ ಕೂತ ಮೇಲೂ ಮೊದಲ ಮೂರು ತಿಂಗಳು ನಿಧಾನ. ಒಂದು ಸಲ ಲೆಕ್ಕ ತಪ್ಪಿ ರಾತ್ರಿ ಒಂಬತ್ತರವರೆಗೆ ಎಲ್ಲರನ್ನೂ ಕೂರಿಸಿದ್ದೆ. ಆಗಲೂ ಸಂಬಳ ಅಷ್ಟೇ. ನಾನು ಕಲಿಯುವ ಖರ್ಚನ್ನು ಬೇರೆ ಯಾರೋ ಹೊತ್ತುಕೊಂಡಿದ್ದರು. ಐಟಿಐ ಮುಗಿಸಿ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಹೋಗುವ ಹುಡುಗರಿಗೂ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಸ್ಟೈಪೆಂಡ್ ಸಿಗುತ್ತದೆ. ಕಲಿಯುವವನ ಕೈ ನಿಧಾನ, ಅವನೂ ಊಟ ಮಾಡಬೇಕು ಅನ್ನುವುದನ್ನು ಅಲ್ಲಿ ಕಾನೂನೇ ಒಪ್ಪಿಕೊಂಡಿದೆ.

ಡಬ್ಬದ ಲೆಕ್ಕದಲ್ಲಿ ಹಾಗಿಲ್ಲ. ಕೈ ನಿಧಾನವಾಗಿರುವಷ್ಟು ದಿನ ಕೂಲಿ ಕಡಿಮೆ. ಪಕ್ಕದವರಿಗೆ ಎರಡು ಡಬ್ಬದ ದುಡ್ಡು, ಕಲಿಯುವವರಿಗೆ ಅರ್ಧದ್ದು. ನಡುವಿನ ಆ ಒಂದೂವರೆ ಡಬ್ಬ ಇದೆಯಲ್ಲ, ಅದೇ ಫೀಸು. ಒಂದು ಸುಗ್ಗಿಯೋ ಎರಡು ಸುಗ್ಗಿಯೋ ಪ್ರತಿ ರಾತ್ರಿ ಕಟ್ಟಿದ ಫೀಸು. ಮೇಲೆ ಕುಯ್ದ ಬೆರಳು ಬೇರೆ. ಬೀಡಿ ಕಟ್ಟುವವರದ್ದು, ಊದುಬತ್ತಿ ಹೊಸೆಯುವವರದ್ದು, ಗಾರ್ಮೆಂಟ್ಸಿನಿಂದ ಮನೆಗೆ ಬಟ್ಟೆ ತಂದು ಗುಂಡಿ ಹಾಕುವವರದ್ದು ಎಲ್ಲ ಇದೇ ಲೆಕ್ಕ. ಹಾಗಾಗಿ ಈ ಕೆಲಸಗಳಿಗೆ ತರಬೇತಿ ಬೇಡ ಅನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ತರಬೇತಿ ನಡೆಯುತ್ತದೆ. ಅದರ ಖರ್ಚು ಕೆಲಸ ಕೊಟ್ಟವರ ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ, ಅಷ್ಟೇ. ಪುಸ್ತಕದಲ್ಲಿ ಬರದ್ದು ನಡೆದೇ ಇಲ್ಲ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ.

ಸರ್ಕಾರಿ ಕಾಗದಗಳಲ್ಲಿ ಕೌಶಲ್ಯವನ್ನು ಹೇಗೆ ಅಳೆಯುತ್ತಾರೆ ಅಂತ ಆಮೇಲೆ ಹುಡುಕಿ ಓದಿದೆ. ನಮ್ಮ ದೇಶದ ಉದ್ಯೋಗಗಳನ್ನೆಲ್ಲ ಪಟ್ಟಿ ಮಾಡಿರುವ 2015ರ ರಾಷ್ಟ್ರೀಯ ಉದ್ಯೋಗ ವರ್ಗೀಕರಣ ಅಂತ ಒಂದಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಪಟ್ಟಿಯ ಮಾದರಿಯಲ್ಲೇ ಮಾಡಿದ್ದು. ಅದರಲ್ಲಿ ಕೌಶಲ್ಯಕ್ಕೆ ನಾಲ್ಕು ಮೆಟ್ಟಿಲು. ಅಳತೆಗೋಲು ಮುಖ್ಯವಾಗಿ ಶಾಲೆಯ ವರ್ಷಗಳು. 10 ವರ್ಷದವರೆಗಿನ ಓದು, ಇಲ್ಲವೇ ಹೊರಗೆ ಕಲಿತದ್ದು ಇದ್ದರೆ ಮೊದಲ ಮೆಟ್ಟಿಲು. 15 ವರ್ಷಕ್ಕಿಂತ ಜಾಸ್ತಿ ಓದಿದ್ದರೆ ನಾಲ್ಕನೆಯದು. ಮನೆಗೆಲಸದವರು, ಕಸ ಎತ್ತುವವರು, ತೋಟದ ಕೂಲಿಯವರು, ಗಾರೆ ಕೆಲಸಕ್ಕೆ ಕೈಯಾಳಾಗಿ ಹೋಗುವವರು, ಮೂಟೆ ಹೊರುವವರು ಎಲ್ಲ ಸೇರಿ ಒಂಬತ್ತನೇ ವಿಭಾಗದಲ್ಲಿದ್ದಾರೆ. ಅವರದು ಮೊದಲ ಮೆಟ್ಟಿಲು. ಇಷ್ಟು ದೊಡ್ಡ ದೇಶದ ಕೆಲಸಗಳನ್ನು ಪಟ್ಟಿ ಮಾಡುವವರಿಗೆ ಏನೋ ಒಂದು ಅಳತೆ ಬೇಕು, ಒಪ್ಪುತ್ತೇನೆ. ಆದರೆ ಶಾಲೆಯ ವರ್ಷ ಅಳೆದು ಅದಕ್ಕೆ ಕೌಶಲ್ಯ ಅಂತ ಹೆಸರಿಟ್ಟರೆ, ಕತ್ತಿ ಹೇಳಿದ್ದನ್ನು ಕೇಳಿಸಿಕೊಳ್ಳುವ ಕೈಯನ್ನು ಎಲ್ಲಿ ಬರೆಯುವುದು? ಕನಿಷ್ಠ ವೇತನದ ಅಧಿಸೂಚನೆಗಳಲ್ಲೂ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಅಂತ ಸಾಲು ಸಾಲು. ದಿನದ ಕೂಲಿ ಎಷ್ಟು ಅನ್ನುವುದು ಆ ಸಾಲಿನಲ್ಲಿ ನಿಮ್ಮನ್ನು ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದರ ಮೇಲಿದೆ.

ಅಕುಶಲ ಅನ್ನುವ ಈ ಪದದಿಂದ ಬರೀ ಕೆಟ್ಟದ್ದೇ ಆಗಿದೆ ಅಂತ ಹೇಳಲಾರೆ. 2005ರ ಉದ್ಯೋಗ ಖಾತ್ರಿ ಕಾನೂನು 100 ದಿನದ ಕೆಲಸ ಕೊಡುತ್ತೇನೆ ಅಂದಿದ್ದು 'ಕೌಶಲ್ಯರಹಿತ ದೈಹಿಕ ಕೆಲಸ' ಮಾಡಲು ಮುಂದೆ ಬರುವವರಿಗೆ. ಸರ್ಟಿಫಿಕೇಟ್ ಕೇಳಲಿಲ್ಲ, ಓದು ಕೇಳಲಿಲ್ಲ. ಮೂರರಲ್ಲಿ ಒಂದು ಪಾಲಾದರೂ ಹೆಂಗಸರು ಇರಬೇಕು ಅಂತಲೂ, ಗಂಡಸರಿಗೆ ಹೆಂಗಸರಿಗೆ ಒಂದೇ ಕೂಲಿ ಅಂತಲೂ ಬರೆಯಿತು. ನಮ್ಮೂರಿನ ಎಷ್ಟೋ ಹೆಂಗಸರ ಹೆಸರಲ್ಲಿ ಬ್ಯಾಂಕ್ ಖಾತೆ ಆಗಿದ್ದೇ ಆ ಕೂಲಿಗಾಗಿ. ಕೆರೆ ಹೂಳೆತ್ತಿ ಬಂದ ದುಡ್ಡನ್ನು ಅವರು ಕೌಂಟರಿನಲ್ಲಿ ತಾವೇ ಎಣಿಸಿಕೊಳ್ಳುವುದನ್ನು ನಾನು ನೋಡಿದ್ದೇನೆ. ಯಾರು ಬೇಕಾದರೂ ಬಂದು ಸೇರಿಕೊಳ್ಳಬಹುದಾದ ಕೆಲಸ ಊರಿನಲ್ಲಿ ಇರಲೇಬೇಕು. ಓದು ಅರ್ಧಕ್ಕೆ ನಿಂತವರು, ಗಂಡ ತೀರಿಕೊಂಡವರು, ಬೇರೆ ಊರಿನಿಂದ ಬರಿಗೈಯಲ್ಲಿ ಬಂದವರು ಮಾರನೇ ದಿನ ಒಲೆ ಹಚ್ಚುವುದು ಅದರಿಂದಲೇ. ನನ್ನ ತಕರಾರು ಸೇರಿಕೊಂಡ ಮೇಲಿನದ್ದು. ಇಪ್ಪತ್ತು ವರ್ಷ ಮಾಡಿದವರನ್ನೂ ನಿನ್ನೆ ಬಂದವರನ್ನೂ ಅದೇ ಪದದಲ್ಲಿ ಕರೆಯುತ್ತೇವಲ್ಲ, ಅದು.

ಹಸಿ ಉಸುಕು

ಕೆಲವು ವರ್ಷದ ಹಿಂದೆ ಬೆಂಗಳೂರಿನ ಹೊರಗೆ ಒಂದು ಸಣ್ಣ ಮನೆ ಕಟ್ಟಿಸಿದೆ. ಗಾರೆಯವರೆಲ್ಲ ಯಾದಗಿರಿ ಕಡೆಯವರು. ಅವರಲ್ಲಿ ಗಂಡ ಹೆಂಡತಿ ಇಬ್ಬರಿದ್ದರು. ಗಂಡ ಮೇಸ್ತ್ರಿ. ಹೆಂಡತಿ ಮಾಲು ಕಲಸಿ, ಬಾಂಡ್ಲಿ ತುಂಬಿ, ತಲೆಯ ಮೇಲೆ ಸಿಂಬೆ ಇಟ್ಟು ಮೇಲಕ್ಕೆ ಸಾಗಿಸುವವರು. ಅವರನ್ನು ಎಲ್ಲರೂ ಹೆಲ್ಪರ್ ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಗೋಡೆಗೆ ಗಿಲಾವು ಶುರುವಾಗುವುದಿತ್ತು. ಒಂದಕ್ಕೆ ಆರು ಅಂತ ನನಗೆ ಎಂಜಿನಿಯರ್ ಹೇಳಿದ್ದರು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ನಾನು ಪಕ್ಕದಲ್ಲಿ ನಿಂತು ಬಾಂಡ್ಲಿ ಎಣಿಸುತ್ತಿದ್ದೆ. ಅವರು ಆರಕ್ಕೆ ನಿಲ್ಲಿಸಲಿಲ್ಲ, ಇನ್ನೊಂದು ಹಾಕಿದರು. ಒಂದು ಜಾಸ್ತಿ ಆಯ್ತು ಅಂದೆ. ಅವರು ಸಲಿಕೆ ನಿಲ್ಲಿಸದೆ, 'ರಾತ್ರಿ ಮಳಿ ಬಂದಾದ ಅಣ್ಣಾ. ಉಸುಕು ಹಸಿ ಅದ. ಒಂದು ಬಾಂಡ್ಲಿ ಹೆಚ್ಚಿಗಿ ಹಾಕಬೇಕು, ನೀರು ಕಮ್ಮಿ ಹಾಕಬೇಕು' ಅಂದರು. ಒಂದು ಮುಷ್ಟಿ ತೆಗೆದು ಹಿಚುಕಿ ನನ್ನ ಕೈಗೆ ಕೊಟ್ಟರು. ಉಂಡೆಯಾಗಿತ್ತು.

ಸಂಜೆ ಎಂಜಿನಿಯರಿಗೆ ಫೋನ್ ಮಾಡಿ ಕೇಳಿದೆ. ಅವರು ಹೇಳಿದ್ದು ಇಷ್ಟು. ಮರಳು ಸ್ವಲ್ಪ ಒದ್ದೆಯಾದರೆ ಪ್ರತಿ ಕಣದ ಸುತ್ತ ನೀರಿನ ಪೊರೆ ಕಟ್ಟಿ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಮರಳು ಉಬ್ಬಿದ ಹಾಗೆ ಕಾಣುತ್ತದೆ. 20, 25 ಪರ್ಸೆಂಟ್ ಉಬ್ಬುವುದೂ ಇದೆ. ಬಾಂಡ್ಲಿಯಲ್ಲಿ ಅಳೆದರೆ ಒಳಗೆ ನಿಜವಾಗಿ ಇರುವ ಮರಳು ಕಡಿಮೆ. ಅದಕ್ಕೆ ಇನ್ನಷ್ಟು ಹಾಕಬೇಕು. ಮರಳಿನಲ್ಲೇ ನೀರು ಇರುವುದರಿಂದ ಮೇಲಿಂದ ಹಾಕುವ ನೀರು ಕಡಿಮೆ ಮಾಡಬೇಕು. ಸಿವಿಲ್ ಎಂಜಿನಿಯರಿಂಗಿನಲ್ಲಿ ಇದಕ್ಕೊಂದು ಪಾಠ ಇದೆ, ಪರೀಕ್ಷೆಗೂ ಬರುತ್ತದೆ ಅಂದರು. ಹೆಲ್ಪರ್ ಅಕ್ಕ ಅದನ್ನು ಮುಷ್ಟಿಯಲ್ಲಿ ಹಿಚುಕಿ ಹೇಳಿದ್ದರು.

ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಬಂದಿದ್ದು ಒಂದೇ ದಿನ, ಒಂದೇ ಬಸ್ಸಿನಲ್ಲಿ. ಇಬ್ಬರೂ ಮೊದಲು ಬಾಂಡ್ಲಿ ಹೊತ್ತವರೇ. ಎರಡು ವರ್ಷಕ್ಕೆ ಗಂಡನ ಕೈಗೆ ಯಾರೋ ಗಾರೆ ಮೆತ್ತುವ ಕರಣೆ ಕೊಟ್ಟರು. ಆಮೇಲೆ ಗಾರೆಯವ, ಆಮೇಲೆ ಮೇಸ್ತ್ರಿ. ಕೂಲಿ ಎರಡು ಪಟ್ಟಾಯಿತು. ಹೆಂಡತಿ ಹದಿನಾಲ್ಕು ವರ್ಷದಿಂದ ಬಾಂಡ್ಲಿಯಲ್ಲೇ ಇದ್ದರು. ನೀವು ಕರಣೆ ಹಿಡಿಯಲಿಲ್ವಾ ಅಂತ ಒಂದು ದಿನ ಚಾ ಕುಡಿಯುವಾಗ ಕೇಳಿದೆ. 'ನಮಗ್ಯಾರು ಕೊಡ್ತಾರ್ರೀ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಊರಾಗ ನಮ್ಮ ಮನಿ ಗಿಲಾವ್ ನಾನೇ ಮಾಡೀನಿ' ಅಂದರು. ಮೇಸ್ತ್ರಿ ತಲೆ ಆಡಿಸಿದರು. ಚೆನ್ನಾಗಿ ಮಾಡಿದ್ದಾಳೆ ಅಂದರು. ಹಾಗಿದ್ದರೆ ಇಲ್ಲಿ ಯಾಕಿಲ್ಲ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡು ಇಬ್ಬರಿಗೂ ಒಂದೇ ಕೂಲಿ ಅಂತ 1976ರಲ್ಲೇ ಕಾನೂನು ಬಂದಿದೆ. ಆದರೆ ಕೆಲಸವನ್ನೇ ಒಂದೇ ಆಗಲು ಬಿಡದಿದ್ದರೆ ಆ ಕಾನೂನು ಏನು ಮಾಡೀತು? ನಮ್ಮಲ್ಲಿ ಗಂಡಸಿಗೆ ಹೆಲ್ಪರ್ ಅನ್ನುವುದು ಒಂದು ಹಂತ. ಹೆಂಗಸಿಗೆ ಅದೇ ಕೊನೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. 2020ರ ಮೇ ತಿಂಗಳು ನೆನಪಿದೆಯಲ್ಲ. ಲಾಕ್‌ಡೌನ್‌ನಲ್ಲಿ ಸಿಕ್ಕಿಹಾಕಿಕೊಂಡ ಹೊರರಾಜ್ಯದ ಕೂಲಿಯವರಿಗೆ ಶ್ರಮಿಕ ರೈಲುಗಳು ಶುರುವಾಗಿದ್ದವು. ಬಿಲ್ಡರ್‌ಗಳ ಜೊತೆ ಸಭೆ ನಡೆದ ಮೇಲೆ ನಮ್ಮ ರಾಜ್ಯ ಸರ್ಕಾರ ಆ ರೈಲುಗಳನ್ನು ರದ್ದು ಮಾಡಿ ಅಂತ ರೈಲ್ವೆಗೆ ಪತ್ರ ಬರೆಯಿತು. ಕಟ್ಟಡ ಕೆಲಸ ಮತ್ತೆ ಶುರುವಾಗುವಾಗ ಜನ ಬೇಕು ಅನ್ನುವುದು ಕಾರಣ. ದೇಶದೆಲ್ಲೆಡೆ ವಿರೋಧ ಬಂದು ಬೇಗನೇ ನಿರ್ಧಾರ ಬದಲಾಯಿತು. ಆದರೆ ಆ ಎರಡು ಮೂರು ದಿನ ನನ್ನ ಮನಸ್ಸಿನಿಂದ ಹೋಗಿಲ್ಲ. ಯಾರು ಬೇಕಾದರೂ ಮಾಡಬಹುದಾದ ಕೆಲಸ ಅಂತ ಹೇಳಿ ಕೂಲಿ ಕಡಿಮೆ ಕೊಟ್ಟೆವು. ಅವರು ಊರಿಗೆ ಹೊರಟಾಗ, ಇವರೇ ಬೇಕು ಅಂತ ರೈಲು ನಿಲ್ಲಿಸಲು ಹೋದೆವು. ಎರಡೂ ಮಾತು ಒಟ್ಟಿಗೆ ನಿಜವಾಗುವುದು ಹೇಗೆ?

ಮರ ಹತ್ತುವುದು

ಅಡಿಕೆಗೇ ಮತ್ತೆ ಬರುತ್ತೇನೆ. ನಾನು ಚಿಕ್ಕವನಿದ್ದಾಗ ಕೊನೆ ತೆಗೆಯುವವರಿಗೂ ಹೆಚ್ಚಿನ ಮರ್ಯಾದೆ ಇರಲಿಲ್ಲ. ಮರ ಹತ್ತುವುದಕ್ಕೆ ಏನು, ಧೈರ್ಯ ಇದ್ದರೆ ಸಾಕು ಅನ್ನುವವರೇ ಎಲ್ಲ. ಅವರು ಒಂದು ಮರದ ತುದಿಯಿಂದ ಇಳಿಯದೆ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಿದ್ದರು. ಯಾವ ಕೊನೆ ಹದವಾಗಿದೆ, ಯಾವುದನ್ನು ಮುಂದಿನ ಕೊಯ್ಲಿಗೆ ಬಿಡಬೇಕು ಅಂತ ಮೇಲೆಯೇ ಕೂತು ತೀರ್ಮಾನ ಮಾಡುತ್ತಿದ್ದರು. ಆ ತೀರ್ಮಾನದ ಮೇಲೆ ತೋಟದ ಯಜಮಾನರ ಇಡೀ ವರ್ಷದ ಲೆಕ್ಕ ನಿಂತಿತ್ತು. ಅವರ ಮಕ್ಕಳು ಬೆಂಗಳೂರಿಗೆ ಹೋದರು. ತಂದೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದನ್ನು ನೋಡಿದ ಮಕ್ಕಳು ಯಾಕೆ ಮರ ಹತ್ತುತ್ತಾರೆ?

ಹತ್ತುವವರು ಕಡಿಮೆಯಾದ ಮೇಲೆ ಎಲ್ಲರ ಮಾತು ಬದಲಾಯಿತು. ತೆಂಗಿನ ವಿಷಯದಲ್ಲಂತೂ ಕಣ್ಣಿಗೆ ಕಾಣುವ ಹಾಗೆ ಬದಲಾಯಿತು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ಫ್ರೆಂಡ್ಸ್ ಆಫ್ ಕೋಕನಟ್ ಟ್ರೀ' ಅಂತ ತರಬೇತಿ ಶುರು ಮಾಡಿತು. ಮರ ಹತ್ತುವ ಯಂತ್ರ ಕೊಟ್ಟು, ಆರು ದಿನ ಪುಕ್ಕಟೆ ಕಲಿಸಿ ಕಳಿಸುವುದು. ಅಡಿಕೆಗೂ ಮರ ಹತ್ತುವ ಶಿಬಿರಗಳು, ನೆಲದಲ್ಲೇ ನಿಂತು ಕೊಯ್ಯುವ ಉದ್ದನೆಯ ದೋಟಿಯ ಶಿಬಿರಗಳು ಬಂದವು. ಇದೆಲ್ಲ ಒಳ್ಳೆಯದೇ, ನಾನು ಮನಸಾರೆ ಒಪ್ಪುತ್ತೇನೆ. ಕೇಳುವುದು ಇಷ್ಟೇ. ಅದೇ ಮರ, ಅದೇ ಕಾಯಿ, ಅದೇ ಎತ್ತರ. ಅಂಗಳದಲ್ಲಿ ಹತ್ತು ಜನ ಕೆಲಸ ಕೇಳಿ ನಿಂತಿದ್ದಾಗ ಅದು ಬರೀ ಧೈರ್ಯವಾಗಿತ್ತು. ಒಬ್ಬರೂ ಸಿಗದಾದಾಗ ಕೌಶಲ್ಯವಾಯಿತು. ಹಾಗಾದರೆ ನಾವು ಇಷ್ಟು ದಿನ ಅಳೆದಿದ್ದು ಕೈಯನ್ನಂತೂ ಅಲ್ಲ. ಬಾಗಿಲಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ ಅನ್ನುವುದನ್ನು ಮಾತ್ರ.

ಅರ್ಧ ಡಬ್ಬ

ಕಾರ್ಡು ಮಾಡಿಸಿದ ದಿನವೇ ರಾತ್ರಿ ಮೇಲಿನ ಮನೆಯವರ ಅಂಗಳದಲ್ಲಿ ಸುಲಿಯುವುದಿತ್ತು. ಈಗ ಮೆಷಿನ್ ಇದೆ. ಆ ಸದ್ದಿನಲ್ಲಿ ಕತೆ ಹೇಳುವುದು ಕಷ್ಟ. ಆದರೆ ಮೆಷಿನ್ ಎಲ್ಲವನ್ನೂ ಸುಲಿಯುವುದಿಲ್ಲ. ಅರ್ಧ ಸುಲಿದದ್ದು, ಸಿಪ್ಪೆ ಅಂಟಿಕೊಂಡದ್ದು, ತೀರಾ ಸಣ್ಣದು ಒಂದು ಕಡೆ ರಾಶಿ ಬೀಳುತ್ತದೆ. ಅದಕ್ಕೆ ಇನ್ನೂ ಕತ್ತಿಯೇ ಬೇಕು. ನಾಲ್ಕು ಜನ ಹೆಂಗಸರು ಕೂತಿದ್ದರು. ಅಕ್ಕ ಇದ್ದರು. ಅವರ ಪಕ್ಕದಲ್ಲಿ ಊರಿಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಒಬ್ಬಳು. ಬಯಲುಸೀಮೆ ಕಡೆಯವಳು, ಅಡಿಕೆ ಕಂಡವಳಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು.

ನಾನು ಜಗುಲಿಯಲ್ಲಿ ಕೂತು ನೋಡುತ್ತಿದ್ದೆ. ಹುಡುಗಿ ಚಾ ತರಲು ಒಳಗೆ ಹೋದಳು. ಅಕ್ಕ ಅತ್ತ ಇತ್ತ ನೋಡಲಿಲ್ಲ. ತಮ್ಮ ಡಬ್ಬದಿಂದ ಎರಡು ಬೊಗಸೆ ಅಡಿಕೆ ತೆಗೆದು ಅವಳ ಡಬ್ಬಕ್ಕೆ ಸುರಿದರು. ಕೈ ಮತ್ತೆ ಕತ್ತಿಗೆ ಹೋಯಿತು.

ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ಪಿಯುಸಿಯ ಆ ರಾತ್ರಿ ಚಾ ಬಂದಾಗ ನಾನೂ ಒಳಗೆ ಹೋಗಿದ್ದೆ. ಬೆರಳಿಗೆ ಅರಿಶಿನ ಹಚ್ಚಿಸಿಕೊಳ್ಳಲು ಇನ್ನೊಂದು ಸಲವೂ ಹೋಗಿದ್ದೆ.

ಹೊರಡುವಾಗ ದಾರಿಯಲ್ಲಿ ಟಾರ್ಚ್ ಹಿಡಿದು ಅವರ ಜೊತೆ ನಡೆದೆ. 'ಅಕ್ಕಾ, ಅವತ್ತು ನನ್ನ ಡಬ್ಬಕ್ಕೂ ಹಾಕಿದ್ರಾ?' ಅಂತ ಕೇಳಿದೆ.

'ಯಾವತ್ತು?' ಅಂದರು. ಅವರಿಗೆ ನೆನಪಿರಲಿಲ್ಲ. ಕಾಲುಸಂಕ ದಾಟಿದ ಮೇಲೆ ಅಂದರು, 'ಹಾಕಿದ್ರೂ ಹಾಕಿರ್ತೀನಿ ಮಾರಾಯ. ನಂಗೂ ಮೊದಲ ವರ್ಷ ಅತ್ತೆ ಹಾಕ್ತಿದ್ರು. ಇಲ್ದಿದ್ರೆ ಹುಡುಗ್ರು ಎರಡನೇ ದಿನ ಬರೋದೇ ಇಲ್ಲ.'